ಆ ಮದುವೆಯಲ್ಲಿ ಸಣ್ಣವರು ಯಾರು?

ಬಾಲ್ಯವಿವಾಹದ ದೂರು ಬಂದರೆ ಅಂಗನವಾಡಿ ಮೇಲ್ವಿಚಾರಕಿಯಾದ ನಾನು ಓಡಲೇಬೇಕು. ಪೇದೆಯೊಬ್ಬರ ಜೊತೆ ಹಿರೇಗುತ್ತಿಯ ಆ ಚಪ್ಪರಕ್ಕೆ ಕಾಲಿಟ್ಟದ್ದೇ ವಾದ್ಯ ನಿಂತಿತು.

"ಮುಹೂರ್ತಕ್ಕೆ ಅರ್ಧ ಗಂಟೆ ಇಲ್ಲ. ಈಗ ಎಂತ ತನಿಖೆ ಅಕ್ಕೋರೇ?" ಹುಡುಗಿಯ ಅಪ್ಪ ಅಡ್ಡ ನಿಂತರು.

ಮದುಮಗಳೇ ಒಳಗಿನಿಂದ ಅಂಕಪಟ್ಟಿ ತಂದು ನನ್ನ ಕೈಗಿಟ್ಟಳು. ಕುಮಟಾದಲ್ಲಿ ನರ್ಸ್ ಆಗಿರುವ ಅವಳಿಗೆ ಇಪ್ಪತ್ತಮೂರು ತುಂಬಿತ್ತು. ಯಾರೋ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದ್ದಾರೆ ಎಂದುಕೊಂಡು, ನಾಚಿಕೆಯಿಂದ ವರದಿ ಮುಗಿಸಲು ನೋಡಿದೆ. ವರನ ಜನ್ಮದಿನಾಂಕದ ಜಾಗ ಖಾಲಿ ಇತ್ತು. ಇಷ್ಟು ವರ್ಷ ಅದನ್ನು ಬಾಯಿಮಾತಿನ ಮೇಲೆಯೇ ತುಂಬಿದವಳು ನಾನು.

"ನಿನಗೆಷ್ಟಪ್ಪಾ?" ಎಂದೆ.

ದಪ್ಪ ಮೀಸೆಯ ವರ ತನ್ನ ಅಮ್ಮನ ಮುಖ ನೋಡಿದ. ಅವರು ನೆಲ ನೋಡಿದರು. ಪೇದೆ ಅವನ ಆಧಾರ್ ಕಾರ್ಡು ಇಸಿದುಕೊಂಡು ವಯಸ್ಸನ್ನು ಎರಡು ಸಲ ಎಣಿಸಿದರು. ಗಂಡಿಗೆ ಕಾನೂನು ಕೇಳುವ ಇಪ್ಪತ್ತೊಂದಕ್ಕೆ ಇನ್ನೂ ಮೂರು ತಿಂಗಳಿತ್ತು.

"ಇಪ್ಪತ್ತೈದು ಅಂದಿದ್ರಲ್ಲ!" ಮದುಮಗಳು ಅವನ ಅಮ್ಮನತ್ತ ತಿರುಗಿದಳು. ಎರಡೂ ಕಡೆಯವರು ಒಮ್ಮೆಲೇ ಕೂಗಾಡತೊಡಗಿದರು. ಕುರ್ಚಿಯೊಂದು ಉರುಳಿತು, ಪೇದೆ ನಡುವೆ ನುಗ್ಗಿದರು.

ಆಗ ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಎದ್ದು ಬಂದು ಮೊಮ್ಮಗಳ ಕೈ ಹಿಡಿದರು.

"ತಾಳಿ ಕಟ್ಟಿದ ಮೇಲೆ ನನ್ನನ್ನ ನಾಲ್ಕು ವರ್ಷ ಅಪ್ಪನ ಮನೇಲೇ ಬಿಟ್ಟಿದ್ರು ಮಗಾ, ದೊಡ್ಡವಳಾಗ್ಲಿ ಅಂತ. ನನ್ನನ್ನ ಯಾರೂ ಎಂತದೂ ಕೇಳ್ಲಿಲ್ಲ. ಇವ ಈಗ ಮನೆಗೆ ಹೋಗಿ ದೊಡ್ಡವನಾಗ್ಲಿ. ಕಾಯ್ತ್ಯೋ ಇಲ್ವೋ, ನೀನೇ ಹೇಳು."

ಚಪ್ಪರವೆಲ್ಲ ಮದುಮಗಳ ಬಾಯಿಯನ್ನೇ ನೋಡಿತು. ಅವಳು ಬಾಸಿಂಗ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಳು.

"ದೊಡ್ಡವನಾಗ್ಲಿ. ಆಮೇಲೆ ನೋಡ್ವ."

ವರದಿಯಲ್ಲಿ 'ರಕ್ಷಿಸಲಾದ ಮಗು' ಎಂಬ ಸಾಲಿನ ಎದುರು ಆ ದಪ್ಪ ಮೀಸೆಯವನ ಹೆಸರು ಬರೆದು ಸಹಿ ಹಾಕಿದೆ.