ಸರೋಜಕ್ಕನ ನೆಗಡಿ

“ಇತ್ತೀಚೆಗೆ ನೆಗಡಿ ಆಗಿತ್ತಾಮ್ಮ?”

“ಇಲ್ಲಾ ಸಾ.”

“ಕೆಮ್ಮು? ಜ್ವರ? ಗಂಟಲು ನೋವು?”

“ಏನೂ ಇಲ್ಲಾ ಸಾ. ನಮ್ಮುಡ್ಗಿ ಉಟ್ದಾಗಿಂದ ಒಂದ್ ಸೀನೂ ಸೀನಿಲ್ಲ!”

ಕೇಳಿದವರು ಡಾಕ್ಟರು. ಕೇಳಿದ್ದು ನಮ್ಮ ಸರೋಜಕ್ಕನನ್ನು. ಉತ್ತರ ಕೊಟ್ಟದ್ದು ಮಾತ್ರ ಅವಳ ಅಪ್ಪ, ಅಂದರೆ ನನ್ನ ದೊಡ್ಡಪ್ಪ. (ಮಗಳಿಗೆ ಮದುವೆಯಾಗಿ ಮಕ್ಕಳಾದರೂ ಅವಳ ಪರವಾಗಿ ಮಾತಾಡುವ ಹಕ್ಕು ಅಪ್ಪನದೇ ಅಂತ ನಮ್ಮ ಕಡೆಯವರ ನಂಬಿಕೆ.)

ಇಂಥ ಗಟ್ಟಿಮುಟ್ಟಾದ ಹೆಂಗಸನ್ನು ಕಂಡು ಡಾಕ್ಟರು ಖುಷಿಪಡಬೇಕಿತ್ತಲ್ಲವೆ? ಅವರ ಮುಖ ಸಪ್ಪಗಾಯಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕೆಲವು ವಾರ ಪತ್ರಿಕೆಯ ಈ ಜಾಗದಲ್ಲಿ ನನ್ನ ಬರಹ ಕಾಣಲಿಲ್ಲ ಅಂತ ನಿಮ್ಮಲ್ಲಿ ಒಬ್ಬಿಬ್ಬರು ಶ್ರೀರಂಗಪಟ್ಟಣದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಬಾಗಿಲಿಗೇ ಬಂದು ಬೈದು ಹೋದಿರಂತೆ. ಬೈಯಿರಿ ಪರವಾಗಿಲ್ಲ. ನಾನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ.

ಸರೋಜಕ್ಕನ ತಮ್ಮ ಮಂಜ ಚಿನಕುರಳಿಯ ಹಾಲಿನ ಡೈರಿಯ ಸೆಕ್ರೆಟರಿ. ಅವನಿಗೆ ರಕ್ತದ ಕ್ಯಾನ್ಸರ್. ಡಿಸೆಂಬರಿನಲ್ಲಿ ಸರೋಜಕ್ಕನ ಮೂಳೆಯೊಳಗಿನ ಮಜ್ಜೆ ತೆಗೆದು ಅವನಿಗೆ ಕೊಟ್ಟಿದ್ದರು. ಹೊಂದಿಕೊಂಡಿತು. ಮಂಜ ಎದ್ದು ಕೂತ. ಇನ್ನೇನು ಮನೆಗೆ ಕಳಿಸುತ್ತಾರೆ ಅನ್ನುವಷ್ಟರಲ್ಲಿ ಅವನಿಗೊಂದು ನೆಗಡಿ ಬಂತು.

ನೆಗಡಿ ಅಂದರೆ ನಮಗೆಲ್ಲ ಏನು? ಒಂದು ಕರ್ಚೀಫು, ಒಂದು ಲೋಟ ಮೆಣಸಿನ ಕಷಾಯ. ಮಂಜನ ಮೈಯಲ್ಲಿ ಅದನ್ನು ತಡೆಯುವ ಶಕ್ತಿಯೇ ಇನ್ನೂ ಹುಟ್ಟಿರಲಿಲ್ಲ. ನೆಗಡಿ ಮೂಗಿನಿಂದ ಸೀದಾ ಎದೆಗಿಳಿಯಿತು. ಅವನನ್ನು ಗಾಜಿನ ಕೋಣೆಗೆ ಹಾಕಿ ಆಕ್ಸಿಜನ್ ಇಟ್ಟರು. ಇದು ವೈರಸ್ಸು, ಇದಕ್ಕೆ ನಂಬಿಕೊಳ್ಳುವಂಥ ಔಷಧಿ ಇಲ್ಲ ಅಂದರು ಡಾಕ್ಟರು.

ಒಂದು ದಾರಿ ಇದೆ ಅಂತಲೂ ಅಂದರು. ಮಜ್ಜೆ ಕೊಟ್ಟ ಅಕ್ಕನ ರಕ್ತದಿಂದಲೇ ಬಿಳಿ ಕಣಗಳನ್ನು ಬೇರೆ ಮಾಡಿ ತಮ್ಮನಿಗೆ ಕೊಡುವುದು. ಅವು ಹೋಗಿ ವೈರಸ್ಸಿನ ಜೊತೆ ಹೋರಾಡಬಹುದು. ಹೋರಾಡದೆಯೂ ಇರಬಹುದು. ಅಥವಾ ತಮ್ಮನ ಮೈಯನ್ನೇ ಪರರದ್ದು ಅಂದುಕೊಂಡು ಅದರ ಮೇಲೆಯೇ ಜಗಳಕ್ಕೆ ಬೀಳಬಹುದು. “ಇದನ್ನ ಇನ್ನೂ ಪರೀಕ್ಷೆ ಮಾಡ್ತಾ ಇದೀವಿ. ಫಲ ಕೊಡುತ್ತೋ ಇಲ್ವೋ ನನಗೂ ಗೊತ್ತಿಲ್ಲ. ಬೇಡ ಅಂದ್ರೆ ಬಿಟ್ಟುಬಿಡ್ತೀವಿ” ಅಂದರು.

ದೊಡ್ಡಪ್ಪ ಕೆಂಡವಾದರು. “ಗೊತ್ತಿಲ್ಲ ಅನ್ನಾಕೆ ಡಾಕ್ಟ್ರೇ ಬೇಕಾ? ಪರೀಕ್ಸೆ ಮಾಡಾಕೆ ನನ್ ಮಗ್ನೇ ಸಿಕ್ಕುದ್ನಾ?”

ತೀರ್ಮಾನ ಮಾಡಿದ್ದು ಮಂಜನೇ. ಗಾಜಿನ ಆಚೆಯಿಂದ ಏದುಸಿರು ಬಿಡುತ್ತ ಫೋನಿನಲ್ಲಿ ನನಗೆ ಹೇಳಿದ: “ಡೈರೀಲಿ ದಿನಾ ಬೆಳಿಗ್ಗೆ ಒಬ್ಬೊಬ್ರ ಆಲ್ನೂ ಟೆಸ್ಟ್ ಮಾಡಿ ತಕತೀನಿ ಕಣಕ್ಕ. ಟೆಸ್ಟ್ ಮಾಡ್ದೆ ಯಾವ್ದು ಗೊತ್ತಾಯ್ತದೆ? ಮಾಡ್ಲಿ ಬುಡು.”

ಹೀಗೆ ದೊಡ್ಡಪ್ಪ ಸರೋಜಕ್ಕನ ಗಂಡನ ಊರಾದ ಕಿಕ್ಕೇರಿಗೆ ಹೋಗಿ ಮಗಳನ್ನು ಬಸ್ಸಿನಲ್ಲಿ ಕರೆತಂದರು. ಹೀಗೆ ನಾವು ಮೂವರೂ ಡಾಕ್ಟರ ಎದುರು ಕೂತೆವು. ಹೀಗೆ ಸೀನದ ಹುಡುಗಿಯ ಕಥೆ ಕೇಳಿ ಡಾಕ್ಟರು ಸಪ್ಪಗಾದರು.

ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಒಮ್ಮೆ ಒಂದು ವೈರಸ್ಸನ್ನು ಹೊಡೆದೋಡಿಸಿದ ಕಣಗಳು ಅದರ ಗುರುತು ಮರೆಯುವುದಿಲ್ಲವಂತೆ. ಈಗ ಊರೂರಲ್ಲೂ ಈ ಜ್ವರ ಇದೆ, ನಿಮ್ಮ ಅಕ್ಕನಿಗೂ ಬಂದು ಹೋಗಿದ್ದರೆ ಅವರ ಕಣಗಳ ಮೇಲೆ ಭರವಸೆ ಇಡಬಹುದಿತ್ತು. ರಕ್ತ ಪರೀಕ್ಷೆಗೆ ಕಳಿಸಿ ಕಾಯುವಷ್ಟು ವ್ಯವಧಾನ ಇಲ್ಲ. ಏನೂ ಬಂದೇ ಇಲ್ಲ ಅಂದಮೇಲೆ ಲಾಭ ಕಡಿಮೆ, ಅಪಾಯ ಮಾತ್ರ ಅಷ್ಟೇ ಇರುತ್ತದೆ. ಬೇಡ ಅನ್ನಿಸುತ್ತದೆ ಅಂದು ಕನ್ನಡಕ ತೆಗೆದಿಟ್ಟರು.

ಇದನ್ನು ದೊಡ್ಡಪ್ಪನಿಗೆ ಹೇಗೆ ಹೇಳಲಿ? ಬಾಯಿ ತೆರೆಯುವ ಮೊದಲೇ ಬಾಗಿಲು ದಢಾರನೆ ತೆರೆಯಿತು.

ಬಂದವರು ನಿಂಗಮ್ಮ, ಸರೋಜಕ್ಕನ ಅತ್ತೆ. ಬೆಳಗಿನ ಬಸ್ಸಿಗೆ ಕಿಕ್ಕೇರಿಯಿಂದ ಹೊರಟು, ಕೈಯಲ್ಲಿ ಒಂದು ವೈರ್ ಬ್ಯಾಗು ಹಿಡಿದು, ವಾಚ್‌ಮನ್ನನ್ನು ಎಲ್ಲೋ ಹಿಂದೆ ಬಿಟ್ಟು ನುಗ್ಗಿದ್ದರು.

“ಏನ್ ಸಾ, ನೀವು ಮನುಸ್ರಾ? ನನ್ ಸೊಸೆ ಜರ ಬಂದು ವಾರಗಟ್ಲೆ ಮಲಗಿದ್ಲು. ಈಗ ತಾನೆ ಎದ್ದು ಓಡಾಡ್ತಾವ್ಳೆ. ಮೂಳೆ ತಗಂಡ್ರಿ, ಸುಮ್ಕಿದ್ದೆ. ಈಗ ರಕ್ತಾನೂ ಬೇಕಾ?”

ದೊಡ್ಡಪ್ಪ ಕಣ್ಣು ಮಿಟುಕಿಸಿದರು. ಕೆಮ್ಮಿದರು. “ಬೀಗ್ರೇ, ವಸಿ ಆಚೆಗ್ ಬನ್ನಿ” ಅಂತ ಎದ್ದೇಬಿಟ್ಟರು. ಸರೋಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಡಾಕ್ಟರು ಮಾತ್ರ ಕುರ್ಚಿ ಎಳೆದು ನಿಂಗಮ್ಮನ ಮುಂದಿಟ್ಟರು. “ಕೂತ್ಕೊಳ್ಳಿ ಅಮ್ಮಾ. ಜ್ವರ ಯಾವಾಗ ಬಂತು? ಮನೇಲಿ ಬೇರೆ ಯಾರಿಗೆ ಬಂದಿತ್ತು?”

ಇಷ್ಟು ಮರ್ಯಾದೆ ಸಿಕ್ಕೀತೆಂದು ನಿಂಗಮ್ಮ ಎಣಿಸಿರಲಿಲ್ಲ. ಕೂತರು. “ಸಂಕ್ರಾಂತಿ ಆದ್ಮ್ಯಾಕೆ ಸಾ. ಮದ್ಲು ಮಕ್ಳಿಗೆ, ಆಮ್ಯಾಕೆ ನನ್ಗೆ, ಕೊನ್ಗೆ ಇವ್ಳಿಗೆ. ಎದೆ ಗೊರಗೊರ ಅನ್ನದು. ಕಷಾಯ ಕಾಯ್ಸಿ ಕಾಯ್ಸಿ ಸಾಕಾಗೋಯ್ತು. ಈಗೆಲ್ಲಾ ವಾಸಿಯಾಗದೆ, ಸುಳ್ಳ್ಯಾಕ್ ಯೋಳ್ಲಿ?”

ಡಾಕ್ಟರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಈ ಸಲ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲೇ ವಿವರಿಸಿದರು. ಅದೇ ವೈರಸ್ಸು ಅನ್ನೋದಕ್ಕೆ ಖಾತ್ರಿ ಇಲ್ಲ, ಆದರೆ ಅದೇ ಇರುವ ಸಾಧ್ಯತೆ ಹೆಚ್ಚು, ಪ್ರಯತ್ನ ಮಾಡೋಣ ಅಂದರು.

ದೊಡ್ಡಪ್ಪ ಬಾಗಿಲ ಬಳಿಯೇ ನಿಂತು ಕೇಳಿದರು. “ಅಂಗಾರೆ ನೆಗಡಿ ಬಂದಿದ್ದು ಒಳ್ಳೇದಾಯ್ತಾ ಸಾ?”

“ತುಂಬಾ ಒಳ್ಳೇದಾಯ್ತು.”

“ಬಂದಿತ್ತು ಸಾ! ಬೋ ಜೋರಾಗ್ ಬಂದಿತ್ತು! ನನ್ಗೂ ಬಂದಿತ್ತು, ನಂದೂ ತಕಳಿ!”

ಅಳಬೇಕೋ ನಗಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಆಮೇಲೆ ಸರೋಜಕ್ಕ ಬಾಯಿ ಬಿಟ್ಟಳು. ಕಿಕ್ಕೇರಿಯಿಂದ ಬೆಂಗಳೂರಿನ ತನಕ ಬಸ್ಸಿನಲ್ಲಿ ಅಪ್ಪ ಒಂದೇ ಪಾಠ ಹೇಳಿಕೊಟ್ಟರಂತೆ: “ಏನ್ ಕೇಳುದ್ರೂ ಇಲ್ಲ ಅನ್ನು. ನೆಗಡಿ ಅಂದ್ಯೋ, ವಾಪಸ್ ಕಳುಸ್ಬುಡ್ತಾರೆ.” ದೊಡ್ಡಪ್ಪ ಪಾಂಡವಪುರದ ಸುತ್ತಮುತ್ತ ಎಷ್ಟೋ ಮದುವೆ ಕುದುರಿಸಿದವರು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಗೆ ಕೆಮ್ಮು ಅಂತ ಯಾವ ಹಿರಿಯನಾದರೂ ಅಂದಾನೆಯೆ? ಅದೇ ಅಭ್ಯಾಸ. ಡಾಕ್ಟರನ್ನೂ ಅವರು ಗಂಡಿನ ಕಡೆಯವರ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದರು.

ದೊಡ್ಡಪ್ಪ ಒಬ್ಬರೇ ಏನು? ನಾಗಮಂಗಲದಲ್ಲಿ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜಿಗೆ ಟಿ.ಬಿ. ಇದ್ದಾಗ ಬಂದವರಿಗೆಲ್ಲ “ಅಜ್ಜಿ ವ್ರತ ಹಿಡಿದವ್ರೆ, ಯಾರ್ನೂ ಮುಟ್ಸ್ಕಳಲ್ಲ” ಅನ್ನುತ್ತಿದ್ದರು. ನಮ್ಮಲ್ಲಿ ಹೃದಯದ ಕಾಯಿಲೆ ಗ್ಯಾಸ್ಟ್ರಿಕ್ ಆಗುತ್ತದೆ, ಫಿಟ್ಸು ನಿಶ್ಶಕ್ತಿಯಾಗುತ್ತದೆ. ಮನೆಯಲ್ಲೊಬ್ಬರಿಗೆ ಕಾಯಿಲೆ ಅಂದರೆ ಮನೆತನಕ್ಕೇ ಕಳಂಕವೆ? ಕಾಯಿಲೆ ಬಂದು ವಾಸಿಯಾಯಿತು ಅನ್ನುವುದು ಹೇಳಿಕೊಳ್ಳುವ ಸಂಗತಿ ಯಾಕಾಗಬಾರದು?

ಸರೋಜಕ್ಕನ ತೋಳಿನಿಂದ ರಕ್ತ ತೆಗೆದು, ಮೆಷಿನ್ನಿಗೆ ಹಾಕಿ, ಅದರಿಂದ ಒಂದು ಪುಟ್ಟ ಚೀಲದಷ್ಟು ಬಿಳಿ ಕಣ ಬೇರೆ ಮಾಡಿದರು. ಅಷ್ಟು ಸಣ್ಣ ಚೀಲ! ಅದು ಮಂಜನ ಮೈಗೆ ಹನಿಹನಿಯಾಗಿ ಇಳಿಯುತ್ತಿದ್ದರೆ ನಾವೆಲ್ಲ ಗಾಜಿಗೆ ಮುಖ ಒತ್ತಿ ನಿಂತಿದ್ದೆವು. ನಿಂಗಮ್ಮ ಅಲ್ಲಿಂದಲೇ ಮೇಲುಕೋಟೆಯ ದೇವರಿಗೆ ಕೈ ಮುಗಿದರು. ನಾನು ಯಾರಿಗೆ ಮುಗಿದೆನೋ ನೆನಪಿಲ್ಲ, ಮುಗಿದದ್ದಂತೂ ನಿಜ.

ಮೊದಲು ಜ್ವರ ಏರಿತು. ಮೈಮೇಲೆ ಕೆಂಪು ಗಂಧೆ ಎದ್ದವು. ಅಕ್ಕನ ಕಣಗಳು ಜಗಳ ತೆಗೆದಿವೆ ಅಂದ ಡಾಕ್ಟರು ಅದಕ್ಕೆ ಬೇರೆ ಔಷಧಿ ಕೊಟ್ಟರು. ಆಮೇಲೆ ನಿಧಾನವಾಗಿ ಗಂಧೆ ಇಳಿದವು, ಜ್ವರ ಇಳಿಯಿತು, ಉಸಿರು ಹದಕ್ಕೆ ಬಂತು. ಒಂದು ಬೆಳಿಗ್ಗೆ ಮಂಜ ಫೋನಿನಲ್ಲಿ “ಅಕ್ಕಾ, ಇಲ್ಲಿ ಮುದ್ದೆ ಉಪ್ಸಾರು ಎಲ್ಲಾರ ಸಿಕ್ಕದಾ?” ಅಂದ. ಅಬ್ಬಾ! ಕಾರಿಡಾರಿನ ಬೆಂಚಿನ ಮೇಲೆ ಕೂತು ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಡಾಕ್ಟರು ಬೀಗಲಿಲ್ಲ. “ಇದರಿಂದಲೇ ವಾಸಿಯಾಯ್ತು ಅಂತ ನಾನು ಹೇಳಲಾರೆ. ಒಬ್ಬರು ಚೇತರಿಸಿಕೊಂಡ್ರೆ ಪರೀಕ್ಷೆ ಮುಗೀತು ಅಂತಲ್ಲ, ಇನ್ನೂ ಎಷ್ಟೋ ಜನರಲ್ಲಿ ನೋಡಬೇಕು” ಅಂದರು. ನನಗೆ ಆ ಮನುಷ್ಯನ ಮೇಲೆ ಗೌರವ ಉಕ್ಕಿತು.

ಹೋದ ವಾರ ಮಂಜನನ್ನು ಮನೆಗೆ ಕಳಿಸಿದರು. ಹೊರಡುವಾಗ ಡಾಕ್ಟರು ದೊಡ್ಡಪ್ಪನ ಹೆಗಲ ಮೇಲೆ ಕೈಯಿಟ್ಟು ವಿಶ್ವಾಸದಿಂದ ಕೇಳಿದರು: “ಯಜಮಾನ್ರೇ, ನಿಮ್ಮ ಆರೋಗ್ಯ ಹೇಗಿದೆ? ಬಿ.ಪಿ., ಶುಗರ್ ಏನಾದ್ರೂ?”

“ನನ್ಗೇನಾಗದೆ ಸಾ? ಕಲ್ಲುಗುಂಡು ಇದ್ದಂಗಿವ್ನಿ!” ಅಂದರು ದೊಡ್ಡಪ್ಪ.

ಅವರ ಜುಬ್ಬದ ಜೇಬಿನಲ್ಲಿ ಶುಗರಿನ ಮಾತ್ರೆಯ ಪೊಟ್ಟಣ ಇತ್ತು. ಅದನ್ನು ಬೆಳಿಗ್ಗೆ ತಂದುಕೊಟ್ಟವಳು ನಾನೇ.

ಈಗ ನೀವೇ ಹೇಳಿ, ಈ ಮುಚ್ಚಿಡುವ ರೋಗಕ್ಕೆ ಯಾರ ಬಿಳಿ ಕಣ ಕೊಡಿಸೋಣ?