ಇನಾಮದಾರ್ ಸರ್ ಪಾಲಿನ ಅರ್ಧ ಪದ

ಯಾರಾದರೂ ಕೀಬೋರ್ಡಿನ ಮುಂದೆ ಕೂತು ಗುಟ್ಟಿನ ಪದ ಒತ್ತಲು ಕೈ ಎತ್ತಿದರೆ ಸಾಕು, ಇನಾಮದಾರ್ ಸರ್ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅಷ್ಟೆತ್ತರದ ಆಳು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟ್ರು ಶಿಕ್ಷೆ ಕೊಟ್ಟ ಹುಡುಗನ ಹಾಗೆ. ಒತ್ತಿದವರು "ಆಯ್ತು ಸರ್" ಎನ್ನುವವರೆಗೂ ತಿರುಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಜಾಲಹಳ್ಳಿಯ ಆ ಕಂಪ್ಯೂಟರ್ ಕೋಣೆಗೆ ಕೆಲಸಕ್ಕೆ ಸೇರಿದ ದಿನವೇ ಇದನ್ನು ಕಂಡು ನಕ್ಕುಬಿಟ್ಟಿದ್ದೆ.

"ನಗಬ್ಯಾಡ ತಂಗಿ. ನೋಡಲಿಲ್ಲಂದ್ರ ನಾಳೆ ಗುಟ್ಟು ಬಯಲಾದ್ರೂ ಯಾರೂ ನನ್ನ ಕೇಳಂಗಿಲ್ಲ. ನೀನೂ ಗ್ವಾಡಿ ನೋಡು," ಎಂದರು.

ಅವರು ವಿಜಾಪುರದ ಕಡೆಯವರು. ದೇಶದ ಬೇರೆ ಬೇರೆ ಊರುಗಳ ಸರ್ಕಾರಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಮಾತು ಆಗ ಶುರುವಾಗಿತ್ತು. ಜೋಡಿಸುವ ಮೊದಲು ಅವಕ್ಕೆ ಕಾವಲು ಕಟ್ಟುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂದಿತ್ತು. ಒಮ್ಮೆ ದೆಹಲಿಯಿಂದ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬಂದರು. ಸರ್ ಬೆರಳಿನಿಂದ ಗೋಡೆ ತೋರಿಸಿ, ಕನ್ನಡದಲ್ಲೇ, "ಸಾಹೇಬ್ರ, ಸ್ವಲ್ಪ ಆ ಕಡೆ ತಿರಗ್ರಿ" ಎಂದರು. ಆ ಮನುಷ್ಯ ಮುಖ ಕೆಂಪಗೆ ಮಾಡಿಕೊಂಡು ತಿರುಗಿದ. ನಾನೂ ಗೋಡೆ ನೋಡುತ್ತಿದ್ದುದರಿಂದ ನನ್ನ ನಗು ಯಾರಿಗೂ ಕಾಣಲಿಲ್ಲ.

ನಮ್ಮ ವರ್ಷಗಳ ದುಡಿಮೆಯೆಲ್ಲ ಇದ್ದದ್ದು ಟೇಪುಗಳಲ್ಲಿ. ಗುಟ್ಟಿನ ಪದವಿಲ್ಲದೆ ಅವನ್ನು ಯಾರೂ ಓದಲಾಗದಂತೆ ನಾವೇ ಮಾಡಿದ್ದೆವು. ಆ ಪದದ ಮೊದಲರ್ಧ ನನಗೆ, ಉಳಿದರ್ಧ ಅವರಿಗೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು, ಎಲ್ಲೂ ಬರೆದಿಡಬಾರದು ಎಂಬುದು ಅವರ ಕಟ್ಟಪ್ಪಣೆ.

"ಸರ್, ನಿಮಗೇನಾದ್ರೂ ಆದ್ರೆ?" ಎಂದು ಕೇಳಿದ್ದೆ.

"ನನಗೇನ ಆಗ್ತದ? ಜ್ವಾಳದ ರೊಟ್ಟಿ ತಿಂದ ಮೈ ಇದು."

ಆ ಮೈಗೇ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಟೇಪು ತೆರೆಯದಿದ್ದರೆ ಕೆಲಸವನ್ನೇ ಕೈಬಿಡುತ್ತೇವೆ ಎಂದು ದೆಹಲಿಯವರು ಹೇಳಿದರು. ರಟ್ಟಿನ ಮೇಲೆ ಅಕ್ಷರಗಳನ್ನು ದೊಡ್ಡದಾಗಿ ಬರೆದುಕೊಂಡು ಆರ್.ಟಿ. ನಗರದ ಅವರ ಮನೆಗೆ ಹೋದೆ. ಅವರ ಹೆಂಡತಿ ಸುಶೀಲಾಬಾಯಿ ದಿಂಬು ಎತ್ತರಿಸಿ ಕೂರಿಸಿದರು.

"ತಂಗಿ ಬಂದಾಳ ನೋಡ್ರಿ. ಅಕ್ಷರದ ಮ್ಯಾಲ ಬಟ್ಟು ಇಟ್ಟು ತೋರಸ್ರಿ."

ಅವರು ನನ್ನನ್ನು ನೋಡಿದರು. ಗುರುತು ಹಿಡಿದರು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಎಡಗೈ ನಿಧಾನವಾಗಿ ಮೇಲೆದ್ದಿತು. ಹೇಗೆ ತೋರಿಸಬೇಕೆಂದು ತಿಳಿಸಲು, "ಮೊದ್ಲು ನನ್ ಅರ್ಧ ಒತ್ತುತೀನಿ ಸರ್, ಆಮೇಲೆ ನಿಮ್ದು" ಎಂದು ನಾನು ರಟ್ಟಿನ ಮೇಲೆ ಬೆರಳಿಟ್ಟೆ.

ಅವರ ಕೈ ಕೆಳಗಿಳಿಯಿತು. ಬಹಳ ಕಷ್ಟಪಟ್ಟು ತಲೆ ಹೊರಳಿಸಿ ಗೋಡೆಗೆ ಮುಖ ಮಾಡಿದರು.

"ಆಯ್ತು ಸರ್," ಎಂದೆ. "ಆಯ್ತು, ತಿರುಗಿ." ಸುಶೀಲಾಬಾಯಿಯೂ ಕರೆದರು. ತಿರುಗಲಿಲ್ಲ. ಅದು ಹಳೆಯ ರೂಢಿಯೋ, ಕೊಡುವುದಿಲ್ಲವೆಂಬ ಉತ್ತರವೋ, ನನ್ನ ಮಾತೇ ಅವರಿಗೆ ಕೇಳಿಸಲಿಲ್ಲವೋ, ಇವತ್ತಿಗೂ ತಿಳಿಯದು. ಅದೇ ವಾರ ಅವರು ಹೋದರು. ಟೇಪುಗಳನ್ನು ಯಾರೂ ಓದಲಿಲ್ಲ.

ನನ್ನ ಅರ್ಧ ಪದ ಮಾತ್ರ ಮರೆಯುತ್ತಲೇ ಇಲ್ಲ. ಬ್ಯಾಂಕಿನಲ್ಲಿ ಯಾರಾದರೂ ಕೀಬೋರ್ಡಿಗೆ ಕೈಯಿಟ್ಟರೆ ಈಗಲೂ ಗೋಡೆಗೆ ತಿರುಗುತ್ತೇನೆ. ಪಕ್ಕದಲ್ಲಿ ಅವರೂ ಕೈಕಟ್ಟಿ ನಿಂತಿದ್ದಾರೆ ಅನ್ನಿಸುತ್ತದೆ. "ಆಯ್ತು" ಎನ್ನಬೇಕೆಂದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ.