ಯರ್ರಮ್ಮನ ಸೆಷನ್

ಸಿದ್ದಲಿಂಗೇಶ್ ಮೊದಲು ಮೊಳಕಾಲ್ಮೂರಿನಲ್ಲಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಚಿತ್ತಾರದ ಕಾರ್ಡು ಮಾಡಿಕೊಡುತ್ತಿದ್ದ. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತ. ಈಗ ಚಳ್ಳಕೆರೆಯಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಕೂತು, ನೇಕಾರರು ಫೋನಿನಲ್ಲೇ ಸೀರೆಯ ಚಿತ್ತಾರ ಬರೆಯುವ ವೆಬ್‌ಸೈಟೊಂದನ್ನು ನೋಡಿಕೊಳ್ಳುತ್ತಿದ್ದ.

ಸೈಟು ತೆವಳುತ್ತಿತ್ತು. ಯಾರು ಒಂದು ಗೆರೆ ಎಳೆದರೂ ಸರ್ವರ್ ಅವರ ಇಡೀ ಸೀರೆಯನ್ನು ಅಕ್ಷರಗಳ ಸಾಲಾಗಿ ಬಿಡಿಸಿ ಅವರ ಸೆಷನ್ನಿನಲ್ಲಿ, ಅಂದರೆ ಲಾಗಿನ್ ಆದವರ ಕೆಲಸವನ್ನು ಅವರು ಲಾಗ್ ಔಟ್ ಆಗುವತನಕ ನೆನಪಿಟ್ಟುಕೊಳ್ಳುವ ಜಾಗದಲ್ಲಿ, ತುಂಬುತ್ತಿತ್ತು. ಮುಂದಿನ ಗೆರೆಗೆ ಅಷ್ಟನ್ನೂ ಓದಿ ಮತ್ತೆ ಸೀರೆ ಮಾಡುತ್ತಿತ್ತು. ಚಿತ್ತಾರದ ನಂಬರೊಂದನ್ನೇ ಇಟ್ಟರೆ ಸಾಕಿತ್ತು. ಹಾಗೆ ಬದಲಿಸಲು ಹಳೆಯ ಸೆಷನ್ನುಗಳನ್ನು ಅಳಿಸುವ ಮುಂಚೆ ಯಾವ ಸೆಷನ್ ಹೆಚ್ಚು ಭಾರವೆಂದು ನೋಡಿದ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುತ್ತಿದ್ದ ಯರ್ರಮ್ಮನದು. ಅರ್ಧ ಸೆರಗು, ಹನ್ನೊಂದು ನವಿಲು.

ಅವಳ ಮಣ್ಣಿಗೆ ಅವನೇ ಹೋಗಿ ಬಂದು ಎಂಟು ತಿಂಗಳಾಗಿತ್ತು.

ಮರುದಿನ ಬೆಳಗ್ಗೆ ನವಿಲು ಹನ್ನೆರಡಾಗಿದ್ದವು.

ಸಿಕ್ಕ ಬಸ್ಸು ಹಿಡಿದು ಮೊಳಕಾಲ್ಮೂರಿಗೆ ಹೋದ. ಯರ್ರಮ್ಮನ ಸೊಸೆ ಪುಷ್ಪಾ ಮಗ್ಗದ ಮೇಲಿದ್ದಳು.

"ನಿಮ್ಮತ್ತೆ ಫೋನು ಯಾರತ್ರ ಐತಕ್ಕ?"

"ಅವರ ಜೊತೆಗೇ ಮಣ್ಣಿಗಿಟ್ವಲ್ಲಣ್ಣ. ನೀವೂ ಅಲ್ಲೇ ಇದ್ರಿ."

ಅವನು ತನ್ನ ಫೋನಿನಲ್ಲಿ ಹನ್ನೆರಡನೇ ನವಿಲಿನ ಚಿತ್ರ ತೋರಿಸಿದ. ಪುಷ್ಪಾಳ ಕೈ ಲಾಳಿಯ ಮೇಲೇ ನಿಂತಿತು.

"ಜುಟ್ಟಿಗೆ ನಾಲ್ಕೇ ಗರಿ. ಇದು ನಮ್ಮತ್ತೆ ಕೈಯೇ."

"ಅಳಿಸಿಬಿಡ್ಲಾ?"

"ಬ್ಯಾಡ. ಅರ್ಧಕ್ಕೆ ಬಿಟ್ಟು ಏಳೋರಲ್ಲ ಅವ್ರು. ಮುಗಿಸ್ಕಳ್ಳಿ."

ಅದೊಂದನ್ನು ಬಿಟ್ಟು ಉಳಿದ ಸೆಷನ್ನುಗಳನ್ನೆಲ್ಲ ಅವನು ಹೊಸ ವ್ಯವಸ್ಥೆಗೆ ತಂದ. ಸೈಟು ಚುರುಕಾಯಿತು, ನೇಕಾರರು ಫೋನು ಮಾಡಿ ಹೊಗಳಿದರು. ಅವನಿಗೆ ಹೊಗಳಿಕೆ ಹಿಡಿಸಲಿಲ್ಲ. ದಿನಾ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಯಾವ ಫೋನಿನ ಗುರುತೂ ಇಲ್ಲದೆ, ಒಂದೊಂದೇ ಗೆರೆ ಸರ್ವರಿಗೆ ಬಂದು ಬೀಳುತ್ತಿತ್ತು. ಅಷ್ಟು ಹೊತ್ತು ಅವನು ಕೆಳಗೆ ಬೇಕರಿಯಲ್ಲಿ ಜನರ ಮಧ್ಯೆ ನಿಂತಿರುತ್ತಿದ್ದ.

ಇಪ್ಪತ್ತನಾಲ್ಕನೇ ನವಿಲಿಗೆ ಸೆರಗು ತುಂಬಿತು. ಸುಮ್ಮನೆ ಬಿಟ್ಟ ಸೆಷನ್ ಗಡುವು ಮುಗಿದು ಸಾಯುತ್ತದೆ. ಇದು ಹಾಗಾಗಲಿಲ್ಲ. ದಾಖಲೆಯಲ್ಲಿ ಒಂದೇ ಸಾಲಿತ್ತು: ಯರ್ರಮ್ಮ ಲಾಗ್ ಔಟ್ ಆದರು.

ಆಮೇಲೆ ಗೆರೆ ಬರಲಿಲ್ಲ.

ಶ್ರಾವಣದಲ್ಲಿ ಪುಷ್ಪಾ ಆ ಸೀರೆ ನೇಯ್ದು ಅವನನ್ನು ಕರೆಸಿದಳು. ಸೆರಗು ಬಿಡಿಸಿ ಚಾಪೆಯ ಮೇಲೆ ಹಾಸಿದಳು.

"ಮುಟ್ಟಿ ನೋಡಣ್ಣ."

"ಚೆನ್ನಾಗೈತಕ್ಕ," ಎಂದ ಸಿದ್ದಲಿಂಗೇಶ್, ಬಾಗಿಲ ಹತ್ತಿರ ಕೂತಲ್ಲಿಂದಲೇ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದ.